ಅಮಸ್ತಾನನ ಹಾಜರಿ

ಹೆಸರು ಕೂಗಿದ ಕೂಡಲೇ ಓಗೊಡುವುದು, ಶಿಬಿರಕ್ಕೆ ಬಂದು ನಲವತ್ತೊಂದು ದಿನವಾದರೂ, ಘುಮುರನಿಗೆ ರೂಢಿಯಾಗಿರಲಿಲ್ಲ. ಸಾರ್ಜೆಂಟ್ ತ್ಯೆಮೊಕೊ ಬೆಳಗಿನ ಸಾಲಿನ ಮುಂದೆ ನಿಂತು, ಪಟ್ಟಿಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, 'ಅಮಸ್ತಾನ್ ಅಗ್ ಎಲ್ವಾಫಿ' ಎಂದು ಕೂಗುತ್ತಿದ್ದ. ಆಮೇಲೆ ಒಂದು ಸಂದು. ಆ ಸಂದಿನಲ್ಲಿ ಘುಮುರನ ನಾಲಿಗೆ ಒಣಗುತ್ತಿತ್ತು. ಸಾಲಿನಲ್ಲಿದ್ದ ಮೂವತ್ತೆಂಟು ಗಂಡಸರು, ಮರಳುಗಾಡಿನ ರೂಢಿಯಂತೆ ಮೂಗು ಬಾಯಿ ಮುಚ್ಚಿದ ಮುಸುಕಿನೊಳಗಿಂದ ನೆಲ ನೋಡುತ್ತಿದ್ದರು, ಏಕೆಂದರೆ ಸತ್ತವನ ಹೆಸರನ್ನು ಹೀಗೆ ಬಾಯಿ ತುಂಬ ಕೂಗುವುದನ್ನು ಕೇಳಿಸಿಕೊಳ್ಳುವುದೇ ಅವರಿಗೆ ನಾಚಿಕೆಗೇಡು. ಸತ್ತವನ ಹೆಸರನ್ನು ಹೆತ್ತವರೂ ಹೇಳುವುದಿಲ್ಲ, ಹೆಂಡತಿಯೂ ಹೇಳುವುದಿಲ್ಲ. ಅನಿವಾರ್ಯವಾದರೆ 'ಹೋದವನು' ಎನ್ನುತ್ತಾರೆ, ಅದನ್ನೂ ಮುಖ ತಿರುಗಿಸಿ ಎನ್ನುತ್ತಾರೆ. ಇದು ದಕ್ಷಿಣದ ನದೀತೀರದಿಂದ ಬಂದ ತ್ಯೆಮೊಕೊಗೆ ಗೊತ್ತಿರಲಿಲ್ಲ. ಅವನು ಕೂಗುತ್ತಿದ್ದ, ಸಂದು ಬೀಳುತ್ತಿತ್ತು, ಘುಮುರ್ 'ಹಾಜರ್' ಎನ್ನುತ್ತಿದ್ದ, ತ್ಯೆಮೊಕೊ ಪಟ್ಟಿಯ ಪಕ್ಕದಲ್ಲೊಂದು ಗೀರು ಎಳೆಯುತ್ತಿದ್ದ. ಅಮಸ್ತಾನ್ ಇನ್ನೊಂದು ದಿನ ಬದುಕುತ್ತಿದ್ದ.

"ಏನಯ್ಯಾ ಅಮಸ್ತಾನ್, ನಿನ್ನ ಹೆಸರು ನಿನಗೇ ಮರೆತು ಹೋಗುತ್ತಾ? ಬರೆದು ಕುತ್ತಿಗೆಗೆ ಕಟ್ಟಲಾ?" ಎಂದು ತ್ಯೆಮೊಕೊ ನಗುತ್ತಿದ್ದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಘುಮುರನಿಗೆ ಎಷ್ಟೋ ಸುಲಭವಾಗುತ್ತಿತ್ತು. ದ್ವೇಷಿಸುವುದು ಅವನಿಗೆ ಅಭ್ಯಾಸವಿದ್ದ ಕೆಲಸ. ಆದರೆ ಈ ಸಾರ್ಜೆಂಟ್ ಯಾರಿಗಾದರೂ ಜ್ವರ ಬಂದರೆ ತನ್ನ ಪೆಟ್ಟಿಗೆಯಿಂದ ಮಾತ್ರೆ ಕೊಡುತ್ತಿದ್ದ, ಮೀನಿಲ್ಲದ ಅನ್ನ ತಿಂದೂ ತಿಂದೂ ತಾನು ಹುಚ್ಚನಾಗುತ್ತೇನೆಂದು ಎಲ್ಲರೆದುರು ಗೋಳಾಡುತ್ತಿದ್ದ, ಮುಸುಕು ತೆಗೆದು ಟೋಪಿ ಹಾಕಿ ಎಂದು ಮೊದಲ ವಾರ ಕೂಗಾಡಿ ಎರಡನೆಯ ವಾರ 'ಹಾಳಾಗಿ ಹೋಗಿ, ಮುಸುಕಿನ ಮೇಲೇ ಟೋಪಿ ಹಾಕಿ' ಎಂದು ಬಿಟ್ಟುಕೊಟ್ಟಿದ್ದ. ಸರ್ಕಾರದ ಸೈನಿಕರೂ ಮರಳುಗಾಡಿನ ಇವರೂ ಎರಡು ವರ್ಷ ಪರಸ್ಪರ ಗುಂಡು ಹಾರಿಸಿದ ಮೇಲೆ ಈಗ ಒಂದೇ ಬಣ್ಣದ ಅಂಗಿ, ಒಂದೇ ಪಾತ್ರೆಯ ಅನ್ನ. ಇದಕ್ಕೆ ಶಾಂತಿ ಎಂದು ಹೆಸರು. ಮೊನ್ನೆ ಅಂಗಳದ ನಡುವೆ ಹಳೆಯ ಬಂದೂಕುಗಳನ್ನು ರಾಶಿ ಹಾಕಿ ಬೆಂಕಿಯಿಟ್ಟಾಗ ಕಾರಿನಲ್ಲಿ ಬಂದ ದೊಡ್ಡವರು ಭಾಷಣ ಮಾಡಿದ್ದರು, ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದ್ದರು. ಹೊಗೆ ತಿರುಗಿ ಭಾಷಣದವರ ಮುಖಕ್ಕೇ ಬಡಿದು ಅವರೆಲ್ಲ ಕೆಮ್ಮಿದ್ದರು. ಆ ಕ್ಷಣ ಮಾತ್ರ ಘುಮುರನಿಗೆ ಸಮಾಧಾನವಾಗಿತ್ತು. ಆಮೇಲೆ ತನ್ನ ಸಮಾಧಾನ ಎಷ್ಟು ಸಣ್ಣದು ಅನ್ನಿಸಿ ನಾಚಿಕೆಯೂ ಆಗಿತ್ತು.

ಆ ಹೆಸರು ತನ್ನ ಮೈಗೆ ಹೇಗೆ ಅಂಟಿಕೊಂಡಿತು ಎನ್ನುವುದನ್ನು ಅವನು ದಿನಾ ಬೆಳಿಗ್ಗೆ ಮತ್ತೆ ಮತ್ತೆ ತನಗೇ ವಿವರಿಸಿಕೊಳ್ಳುತ್ತಿದ್ದ, ಯಾರೋ ವಿಚಾರಣೆ ಮಾಡುತ್ತಿದ್ದಾರೆ ಎಂಬಂತೆ. ಯುದ್ಧದ ಮೊದಲ ವರ್ಷ ಹೋರಾಟಗಾರರ ಪಟ್ಟಿಯೊಂದನ್ನು ಮಾಡಿದ್ದರು. ಮಾತುಕತೆಯ ಹೊತ್ತಿಗೆ ಅದನ್ನೇ ಸರ್ಕಾರಕ್ಕೆ ಕೊಟ್ಟರು. ಪಟ್ಟಿಯಲ್ಲಿರುವ ಹೆಸರಿಗೆ ಸೈನ್ಯದಲ್ಲಿ ಜಾಗ, ಇಲ್ಲದ ಹೆಸರಿಗೆ ಮರಳು. ನಡುವೆ ಸತ್ತವರನ್ನು ತೆಗೆದುಹಾಕಿ ಎಂದು ಸರ್ಕಾರದವರು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ತೆಗೆದುಹಾಕಬೇಕಾದರೆ ಹೆಸರು ಹೇಳಬೇಕಲ್ಲ. ಹೀಗಾಗಿ ಸತ್ತವರೆಲ್ಲ ಆ ಪಟ್ಟಿಯಲ್ಲಿ ಆರೋಗ್ಯವಾಗಿ ಉಳಿದರು. ಘುಮುರ್ ತನ್ನ ಹೆಸರು ಹೇಳಿಕೊಂಡು ಬಂದಾಗ, ಒಂದು ಕಾಲದಲ್ಲಿ ಇವನ ಜೊತೆ ಒಂದೇ ಕಂಬಳಿಯಲ್ಲಿ ಮಲಗಿದ್ದ ನಾಯಕ ಅತ್ತಯೂಬ್ ಈಗ ಮೇಜಿನ ಹಿಂದೆ ಕುರ್ಚಿಯಲ್ಲಿದ್ದ. "ಘುಮುರ್ ಅಗ್ ಬಿಗಾ ಆಗಲೇ ಬಂದು ಹೋದನಲ್ಲೋ," ಎಂದ, ತಲೆ ಎತ್ತದೆ. "ಸುಂಕದ ಇಲಾಖೆಗೆ ಹಾಕಿದ್ದೀವಿ. ನದಿ ದಂಡೆಯ ಪಟ್ಟಣ. ನನ್ನ ಅಕ್ಕನ ಮಗ." ಒಂದು ದಿನವೂ ಬಂದೂಕು ಹಿಡಿಯದ, ಗಡಿಯಾಚೆಯ ಊರಿನಲ್ಲಿ ಟೈರಿಗೆ ತೇಪೆ ಹಾಕಿಕೊಂಡಿದ್ದ ಹುಡುಗ ಘುಮುರನಾಗಿ ಬೂಟು ಹಾಕಿಕೊಂಡು ಓಡಾಡುತ್ತಿದ್ದಾನೆ. "ಮತ್ತೆ ನಾನು?" "ನೀನು ತಂದಿರೋ ಬಂದೂಕು ಯಾರದು?" ಬಂದೂಕು ಅಮಸ್ತಾನನದು. ಅತ್ತಯೂಬ್ ಪಟ್ಟಿಯನ್ನು ತಿರುಗಿಸಿ, ಹೆಸರು ಹೇಳದೆ, ಬೆರಳಿನಿಂದ ತೋರಿಸಿದ. "ಇದೊಂದು ಖಾಲಿ ಇದೆ. ಬೇಕಾದರೆ ತಗೋ. ಬೇಡವಾದರೆ ನಿನ್ನ ಆಡುಗಳ ಹತ್ತಿರ ಹೋಗು." ಆಡುಗಳು ಉಳಿದಿಲ್ಲವೆಂದು ಅತ್ತಯೂಬನಿಗೆ ಗೊತ್ತಿತ್ತು. ಘುಮುರ್ ತಗೊಂಡ. ಮೇಜಿನ ಅಂಚನ್ನು ಹಿಡಿದು ಒಂದು ಗಳಿಗೆ ನಿಂತಿದ್ದ ಅಷ್ಟೆ; ಆಮೇಲೆ ಹೆಬ್ಬೆಟ್ಟು ಒತ್ತಿದ. ಅವನಿಗೆ ಸಹಿ ಹಾಕಲು ಬರುತ್ತಿತ್ತು. ಆದರೆ ಆ ಹೆಸರನ್ನು ಕೈಯಿಂದ ಬರೆಯಲಾರದೆ ಅನಕ್ಷರಸ್ಥನಾದ.

ಇವತ್ತು ಸಾಲು ಸೇರುವ ಮುಂಚೆ ಮುಖ ತೊಳೆಯಲು ನೀರಿನ ಪೀಪಾಯಿಯ ಹತ್ತಿರ ಹೋದರೆ ಅಲ್ಲಿ ಎಖ್ಯಾ ಕೆಟಲಿಗೆ ನೀರು ತುಂಬಿಸುತ್ತಿದ್ದ. ಎಖ್ಯಾ ಕಮ್ಮಾರರವನು, ಶಿಬಿರದಲ್ಲಿ ಅಡಿಗೆಯೂ ಅವನದೇ, ಸಾರ್ಜೆಂಟನ ಮಾತನ್ನು ಇವರಿಗೆ, ಇವರ ಮಾತನ್ನು ಸಾರ್ಜೆಂಟನಿಗೆ ತಿರುಗಿಸಿ ಹೇಳುವುದೂ ಅವನದೇ. ಮೊದಲಿನಿಂದಲೂ ಹಾಗೆ: ದೊಡ್ಡ ಮನೆತನದವರು ಬಾಯಿಂದ ಹೇಳಲು ನಾಚುವ ಮಾತನ್ನೆಲ್ಲ ಕಮ್ಮಾರರ ಕೈಲಿ ಹೇಳಿಕಳಿಸುತ್ತಾರೆ. ಹೆಣ್ಣು ಕೇಳುವುದು, ಜಗಳ ಬಿಡಿಸುವುದು, ಸಾವು ತಿಳಿಸುವುದು.

"ಘುಮುರ್," ಎಂದ ಎಖ್ಯಾ. ಯಾರೂ ಹತ್ತಿರವಿಲ್ಲದಾಗ ಅವನು ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದ. "ಇವತ್ತು ಮುಸುಕು ಗಟ್ಟಿಯಾಗಿ ಕಟ್ಕೋ."

"ಕಟ್ಕೊಂಡು ಏನು ಮಾಡಲಿ? ಫೋಟೋದವನು ಬರ್ತಾನೆ ಇವತ್ತು. ಗುರುತಿನ ಚೀಟಿಗೆ ಮುಸುಕು ಇಳಿಸಿ ಕೂರಬೇಕಂತೆ."

"ಫೋಟೋದವನಿಗಿಂತ ಮುಂಚೆ ಒಬ್ಬರು ಬಂದಿದ್ದಾರೆ. ಗೇಟಿನ ಆಚೆ ಮರದ ಕೆಳಗೆ ನೋಡು. ನೋಡಬೇಡ, ಹಾಗೆ ಥಟ್ಟನೆ ತಿರುಗಬೇಡವೋ ಪೆದ್ದ! ಅಸ್ಸಲಾಮಾ. ಹೋದವನ ತಾಯಿ. ಕತ್ತೆ ಮೇಲೆ ಬಂದಿದ್ದಾಳೆ. ಒಂದು ಚೀಲದ ತುಂಬ ಒಣಗಿಸಿದ ಗಿಣ್ಣು ತಂದಿದ್ದಾಳೆ."

ಘುಮುರನ ಕೈಯಲ್ಲಿದ್ದ ನೀರು ಬೆರಳಸಂದಿಯಿಂದ ಸೋರಿ ಹೋಯಿತು. "ಯಾರಿಗೆ ಗಿಣ್ಣು?"

"ಯಾರಿಗೆ ಅಂತ ನನ್ನ ಕೇಳ್ತೀಯಲ್ಲ, ನಿನ್ನ ಬುದ್ಧಿಗೆ ಏನು ಹೇಳಲಿ. ಮಗನಿಗೆ. ರೇಡಿಯೋದಲ್ಲಿ ಪಟ್ಟಿ ಓದಿದರಲ್ಲ. ಪಕ್ಕದ ಬಿಡಾರದವರು ಕೇಳಿಸಿಕೊಂಡು ಓಡಿಬಂದು ಹೇಳಿದರಂತೆ. ರೇಡಿಯೋದವರು ಹೆಸರು ಹೇಳಿದ್ದಾರೆ ಅಂದಮೇಲೆ ಬದುಕಿದ್ದಾನೆ ಅಂತಲೇ ಅರ್ಥ. ಸತ್ತವರ ಹೆಸರು ಯಾರಾದರೂ ಹೇಳ್ತಾರಾ?"

"ನೀನು ಆವತ್ತು ಹೋಗಿ ತಿಳಿಸಿದ್ದೆಯಲ್ಲ ಎಖ್ಯಾ. ಆಯಿತಲ್ಲ ಅದು."

"ತಿಳಿಸಿದ್ದೆ. 'ಗುಂಡು ತೊಡೆಗೆ ತಗುಲಿತ್ತು, ನೀರು ಕುಡಿದ, ನನ್ನ ಮಡಿಲಲ್ಲಿ ಪ್ರಾಣ ಬಿಟ್ಟ' ಅಂತ ನೀನು ಏನು ಹೇಳಿಕಳಿಸಿದ್ದೆಯೋ ಒಂದಕ್ಷರ ಬಿಡದೆ ಮುಟ್ಟಿಸಿದ್ದೆ. ಸುಳ್ಳಿನ ವಾಸನೆ ಬಂದಿತ್ತು. ಆದರೂ ಮುಟ್ಟಿಸಿದ್ದೆ. ಕಮ್ಮಾರನಿಗೆ ನಾಚಿಕೆ ಇಲ್ಲ ಅಂತ ನೀವೆಲ್ಲ ಆಡ್ಕೋತೀರಲ್ಲ, ನಿಮ್ಮ ನಾಚಿಕೆಯನ್ನೆಲ್ಲ ಹೊತ್ತು ತಿರುಗೋರು ನಾವೇ ಕಣೋ." ಅವನು ಕೆಟಲನ್ನು ಎತ್ತಿಕೊಂಡ. "ಈ ಸಲ ನಾನು ಹೋಗಲ್ಲ. ಬೇಕಾದರೆ ನೀನೇ ಹೋಗಿ ಹೇಳು."

ಹೋಗಬಹುದಿತ್ತು. ಗೇಟಿಗೆ ನೂರು ಹೆಜ್ಜೆ. ಮುಳ್ಳುಬೇಲಿಯ ಸಂದಿಯಲ್ಲಿ ಕತ್ತೆಯ ಕಿವಿ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಕಪ್ಪು ಬಟ್ಟೆಯ ಒಂದು ಗಂಟು, ಆ ಗಂಟೇ ಅಸ್ಸಲಾಮಾ. ಇಷ್ಟು ಚಿಕ್ಕವಳಾಗಿದ್ದಳೇ? ಅವನ ತಾಯಿ ಅವನನ್ನು ಹೆತ್ತ ವಾರಕ್ಕೇ ತೀರಿಕೊಂಡಾಗ ಅಸ್ಸಲಾಮಾ ಅವನನ್ನು ಎತ್ತಿಕೊಂಡಳಂತೆ. ಒಂದು ಮೊಲೆ ಅಮಸ್ತಾನನಿಗೆ, ಒಂದು ಇವನಿಗೆ. ಯಾವ ಮೊಲೆ ಯಾರದು ಎಂದು ಇಬ್ಬರೂ ಹೊಡೆದಾಡುತ್ತಿದ್ದರು ಎಂದು ಬಿಡಾರದ ಹೆಂಗಸರು ನಗುತ್ತಾ ಹೇಳುತ್ತಿದ್ದರು, ಮದುವೆ ವಯಸ್ಸಿಗೆ ಬಂದ ಮೇಲೂ, ಹುಡುಗಿಯರ ಎದುರೇ, ಇವನು ಮುಸುಕಿನೊಳಗೆ ಬೆವೆತು ಹೋಗುವ ಹಾಗೆ. ಹದಿನೆಂಟಕ್ಕೆ ಮುಸುಕು ಕಟ್ಟಿದ ಮೇಲೆ ಅವಳೆದುರು ಎಂದೂ ಬಾಯಿ ತೋರಿಸಿದವನಲ್ಲ. ಲೋಟವನ್ನೂ ಮುಸುಕಿನ ಕೆಳಗೆ ತಳ್ಳಿ, ಪಕ್ಕಕ್ಕೆ ತಿರುಗಿ ಕುಡಿಯುತ್ತಿದ್ದ. ಅಮಸ್ತಾನ್ ಮಾತ್ರ ನಾಚಿಕೆ ಬಿಟ್ಟವನು, ಹೆತ್ತವಳು ತಾನೇ ಎಂದು ಮುಸುಕು ಜಾರಿಸಿ ಗಿಣ್ಣಿನ ಬಿಲ್ಲೆಯನ್ನು ಕಟಕಟ ಕಡಿಯುತ್ತಿದ್ದ. ಹಲ್ಲು ಗಟ್ಟಿ. ಸತ್ತ ಮೇಲೂ ಹಲ್ಲು ಕಾಣುತ್ತಿತ್ತು, ತುಟಿ ಒಣಗಿ ಹಿಂದಕ್ಕೆ ಸರಿದಿತ್ತು. ಮುಸುಕನ್ನು ಎಳೆದು ಮುಚ್ಚಿದ್ದು ಘುಮುರನೇ. ಇದನ್ನು ಅವನು ಎಖ್ಯಾನ ಕೈಲಿ ಹೇಳಿಕಳಿಸಿರಲಿಲ್ಲ.

ಹೇಳಿಕಳಿಸದೆ ಉಳಿದದ್ದು ಇಷ್ಟು. ಗುಡ್ಡದ ಬಂಡೆಯ ನೆರಳಿನಲ್ಲಿ ಅಮಸ್ತಾನನನ್ನು ಒರಗಿಸಿ, ತೊಗಲ ಚೀಲ ತೆಗೆದುಕೊಂಡು, ಬೆಳಗಾಗುವಾಗ ಇವನು ಬಾವಿಗೆ ಹೊರಟ. ಬಾವಿಯ ಹತ್ತಿರ ಸೈನಿಕರ ಎರಡು ವಾಹನ ನಿಂತಿದ್ದವು. ಮಧ್ಯಾಹ್ನದವರೆಗೆ ಕಲ್ಲಿನ ಹಿಂದೆ ಮಲಗಿದ್ದ; ಅದರಲ್ಲಿ ತಪ್ಪಿಲ್ಲ, ಯಾರಾದರೂ ಮಲಗುತ್ತಿದ್ದರು. ಅವರು ಹೋದ ಮೇಲೆ ಕುಡಿದ, ಚೀಲ ತುಂಬಿಸಿದ. ಅಷ್ಟರಲ್ಲಿ ಅಲ್ಲೇ ಬಿಡಾರ ಹಾಕಿದ್ದ ಮುದುಕ ಮುದುಕಿ ಕರೆದರು. ಚಾಪೆ ಹಾಸಿದರು, ಕೆಂಡ ಊದಿದರು, ಚಹಾಕ್ಕೆ ಇಟ್ಟರು. ಗಾಯಗೊಂಡವನೊಬ್ಬ ಗುಡ್ಡದಲ್ಲಿದ್ದಾನೆ ಎಂದು ಹೇಳುವಂತಿರಲಿಲ್ಲ, ಸೈನಿಕರು ಮತ್ತೆ ಬಂದು ಆ ಮುದುಕರ ಕುತ್ತಿಗೆ ಹಿಡಿದರೆ? ಹೇಳದೆ ಎದ್ದು ಹೋಗುವಂತೆಯೂ ಇರಲಿಲ್ಲ. ಮೂರು ಲೋಟ ಮುಗಿಯುವ ಮೊದಲು ಯಾರ ಚಾಪೆಯಿಂದಲೂ ಯಾರೂ ಏಳುವುದಿಲ್ಲ. ಎದ್ದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ಕಹಿಯಾದ ಮೊದಲ ಲೋಟ. ಮತ್ತೆ ನೀರು, ಮತ್ತೆ ಸಕ್ಕರೆ, ಮತ್ತೆ ಕುದಿ, ಎತ್ತರದಿಂದ ಸುರಿದು ನೊರೆ ಬರಿಸಿದ ಎರಡನೆಯದು. ಮುದುಕ ತನ್ನ ಸತ್ತ ಒಂಟೆಗಳ ಕಥೆ ಹೇಳಿದ, ಇವನು ಹೂಂಗುಟ್ಟಿದ. ಇಷ್ಟೆಲ್ಲ ಮರ್ಯಾದೆಯ ಕಥೆ. ಆದರೆ ಘುಮುರನಿಗೆ ನಿಜ ಗೊತ್ತಿತ್ತು, ಅದೇ ಅವನ ದುರದೃಷ್ಟ. ಎರಡನೆಯ ಲೋಟದ ಹೊತ್ತಿಗೆ ಅವನಿಗೆ ಸುಖವಾಗಿತ್ತು. ಬೆನ್ನಿಗೆ ಒರಗಲು ದಿಂಬಿತ್ತು, ನೆರಳಿತ್ತು, ಯಾರೋ ನರಳುವ ಸದ್ದಿರಲಿಲ್ಲ. ಮೂರನೆಯ ಲೋಟವನ್ನು ಅವನು ಮರ್ಯಾದೆಗಾಗಿ ಕುಡಿಯಲಿಲ್ಲ, ಸಿಹಿಯಾಗಿತ್ತು ಎಂದು ಕುಡಿದ. ಸಂಜೆ ಗುಡ್ಡ ಹತ್ತಿ ಮುಟ್ಟಿದಾಗ ಅಮಸ್ತಾನನ ಮೈ ಇನ್ನೂ ಬಿಸಿಯಾಗಿತ್ತು. ಬಂಡೆಯೂ ಬಿಸಿಯಾಗಿತ್ತು. ಆ ಬೇಸಿಗೆಯಲ್ಲಿ ಸತ್ತದ್ದು ಬದುಕಿದ್ದು ಎಲ್ಲವೂ ಬಿಸಿಯಾಗಿಯೇ ಇರುತ್ತಿತ್ತು, ಹಾಗಾಗಿ ಯಾವ ಲೋಟದ ಹೊತ್ತಿಗೆ ಪ್ರಾಣ ಹೋಯಿತು ಎಂದು ತಿಳಿಯುವಂತಿರಲಿಲ್ಲ. ಮೊದಲನೆಯದಕ್ಕೇ ಹೋಗಿದ್ದರೆ ತನ್ನದು ತಪ್ಪಿಲ್ಲ. ಮೂರು ಬೇಸಿಗೆಯಿಂದ ಅವನು ಅದು ಮೊದಲನೆಯ ಲೋಟವೇ ಆಗಿರಲಿ ಎಂದು ಬೇಡುತ್ತಿದ್ದ.

ಸೀಟಿ ಊದಿದರು. ಸಾಲು ನಿಂತಿತು. ಅಂಗಳದ ಆ ತುದಿಯಲ್ಲಿ ಪಟ್ಟಣದಿಂದ ಬಂದ ಫೋಟೋದವನು ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಒಂದು ಡಬ್ಬಿಯನ್ನು ಬೋರಲು ಹಾಕಿ ಕೂರುವ ಜಾಗ ಮಾಡುತ್ತಿದ್ದ. ತ್ಯೆಮೊಕೊ ಪಟ್ಟಿ ಬಿಡಿಸಿದ. ಹೆಸರುಗಳು ಒಂದೊಂದಾಗಿ ಬಂದವು. ಘುಮುರ್ ಬೇಲಿಯ ಕಡೆ ನೋಡಬಾರದೆಂದುಕೊಂಡು ಬೇಲಿಯ ಕಡೆಯೇ ನೋಡುತ್ತಿದ್ದ. ಸುಮ್ಮನಿದ್ದುಬಿಟ್ಟರೆ? ಕೂಗಿದಾಗ ಓಗೊಡದೆ ನಿಂತರೆ ತ್ಯೆಮೊಕೊ ಪಕ್ಕದಲ್ಲೊಂದು ಅಡ್ಡಗೀಟು ಹಾಕುತ್ತಾನೆ, ಮೂರು ಅಡ್ಡಗೀಟಾದರೆ ಹೊರಗೆ, ಆಮೇಲೆ ಮರಳು. ಇರಲಿ. ಬೇಲಿಯಾಚೆ ಕೂತವಳಿಗೆ ಆ ಮೌನ ಕೇಳಿಸುತ್ತದೆ, ಅರ್ಥವಾಗುತ್ತದೆ, ಕತ್ತೆ ಹತ್ತಿ ಹೋಗುತ್ತಾಳೆ. ಈ ಬಾಯಿಯಿಂದ ಅವಳಿಗೆ ಮಾಡಬಹುದಾದ ಪ್ರಾಮಾಣಿಕ ಕೆಲಸ ಅದೊಂದೇ: ಮುಚ್ಚಿಕೊಂಡಿರುವುದು. ನಲವತ್ತು ದಿನ ತಾನಾಗಿ ಒಣಗಿದ ನಾಲಿಗೆ ಇವತ್ತೊಂದು ದಿನ ಒಣಗಲಿ. ಹೀಗೆ ಅವನು ಮನಸ್ಸು ಗಟ್ಟಿ ಮಾಡಿಕೊಂಡ.

"ಅಮಸ್ತಾನ್ ಅಗ್ ಎಲ್ವಾಫಿ!"

ಬೇಲಿಯಾಚೆ ಕಪ್ಪು ಗಂಟು ಎದ್ದು ನಿಂತಿತು.

"ಹಾಜರ್!" ಎಂದ ಘುಮುರ್. ಇವತ್ತು ಸಂದು ಬೀಳಲೇ ಇಲ್ಲ. ತ್ಯೆಮೊಕೊನ ಬಾಯಿ ಮುಚ್ಚುವ ಮೊದಲೇ, ಇಡೀ ಅಂಗಳಕ್ಕೆ ಕೇಳುವ ಹಾಗೆ, ಉತ್ತರ ಬಂದುಬಿಟ್ಟಿತ್ತು. ಹೆದರಿಕೆ ಅವನನ್ನು ಅಷ್ಟು ಚುರುಕು ಮಾಡಿತ್ತು. "ಭೇಷ್!" ಎಂದ ತ್ಯೆಮೊಕೊ, ನಿಜವಾಗಿ ಸಂತೋಷಪಟ್ಟು. "ಕೊನೆಗೂ ಸೈನಿಕನಾದೆ." ಘುಮುರನಿಗೆ ತನ್ನ ಗಂಟಲನ್ನೇ ಹಿಸುಕಬೇಕೆನ್ನಿಸಿತು.

ಕಾವಲಿನವನು ಬಂದು ಸಾರ್ಜೆಂಟನ ಕಿವಿಯಲ್ಲಿ ಏನೋ ಹೇಳಿದ. ತ್ಯೆಮೊಕೊನ ಮುಖ ಅರಳಿತು. ಗುರುತಿನ ಚೀಟಿಗೆ ಹುಟ್ಟಿದ ದಾಖಲೆ ಯಾರ ಹತ್ತಿರವೂ ಇರಲಿಲ್ಲ. ಪ್ರತಿಯೊಬ್ಬನನ್ನೂ ಇಂಥವನೆಂದು ಗುರುತು ಹೇಳಲು ಸಾಕ್ಷಿ ಬೇಕಿತ್ತು, ಸಾಕ್ಷಿಗಳನ್ನು ಹುಡುಕುವುದರಲ್ಲೇ ಅವನು ಸೋತು ಸುಣ್ಣವಾಗಿದ್ದ. ಈಗ ಹೆತ್ತವಳೇ ಗೇಟಿಗೆ ಬಂದಿದ್ದಾಳೆ. "ಇವನದು ಮೊದಲು ಮಾಡಿಮುಗಿಸೋಣ. ಕರೆದುಕೊಂಡು ಬನ್ನಿ ತಾಯಿಯನ್ನ. ಎಖ್ಯಾ, ಬಾರಯ್ಯ, ಮಾತು ತಿರುಗಿಸು. ಅಮಸ್ತಾನ್, ಮುಂದೆ ಬಾ. ಆ ಬಟ್ಟೆ ಇಳಿಸು, ಫೋಟೋಕ್ಕೂ ಆಯಿತು, ಅಮ್ಮ ನೋಡಿದ ಹಾಗೂ ಆಯಿತು."

ಘುಮುರ್ ಸಾಲು ಬಿಟ್ಟು ಬಂದು ಬಿಳಿ ಬಟ್ಟೆಯ ಮುಂದೆ ಡಬ್ಬಿಯ ಮೇಲೆ ಕೂತ. ಕೈ ಮುಸುಕಿನ ಮಡಿಕೆಗೆ ಹೋಯಿತು, ಅಲ್ಲೇ ನಿಂತಿತು. ಎಖ್ಯಾ ಪಕ್ಕದಲ್ಲಿ ನಿಂತು, ಅವರ ಭಾಷೆಯಲ್ಲಿ ಸಾರ್ಜೆಂಟನ ಮಾತನ್ನು ತಿರುಗಿಸುವವನಂತೆ ನಟಿಸುತ್ತಾ, "ಇಳಿಸೋ. ಇನ್ನೇನು ಉಳಿದಿದೆ ಅಂತ ಮುಚ್ಚಿಕೊಳ್ತೀಯಾ," ಎಂದ. ಅವನು ಇಳಿಸಿದ. ಗಾಳಿ ಬಾಯಿಗೆ ತಗುಲಿತು. ಇಷ್ಟು ವರ್ಷ ಬಟ್ಟೆಯ ನೀಲಿ ಅಂಟಿ ಅಂಟಿ ಗಲ್ಲವೆಲ್ಲ ಕಪ್ಪಿಟ್ಟಿದೆಯೆಂದು ಅವನಿಗೆ ಗೊತ್ತಿತ್ತು. ತುಟಿ ಮಾತ್ರ ಅವನದಲ್ಲವೆಂಬಂತೆ ಬಿಳಿಚಿಕೊಂಡಿತ್ತು. ಅಸ್ಸಲಾಮಾ ಎದುರು ಬಂದು ನಿಂತಳು. ಅವಳು ಕಣ್ಣನ್ನು ನೋಡಲಿಲ್ಲ. ಬಾಯಿಯನ್ನು ನೋಡಿದಳು. ಈ ಬಾಯಿಯನ್ನು ಅವಳು ಇಷ್ಟು ಹತ್ತಿರದಿಂದ ನೋಡಿದ್ದು ಹಾಲು ಕೊಟ್ಟ ಕಾಲದಲ್ಲಿ. ಮಗನ ಬಾಯಿ ಯಾವುದು, ಇನ್ನೊಂದು ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಮುಖದಲ್ಲಿ, ಗೇಟಿನಿಂದ ಇಲ್ಲಿಯವರೆಗೆ ಹೊತ್ತು ತಂದಿದ್ದ ಏನೋ ಒಂದು, ನಿಧಾನವಾಗಿ ಆರಿತು. ಘುಮುರ್ ಅದನ್ನು ನೋಡಿದ. ಅಡಗಿಕೊಳ್ಳಲು ಅವನಿಗೆ ಮುಸುಕಿರಲಿಲ್ಲ.

"ಕೇಳು ಎಖ್ಯಾ," ಎಂದ ತ್ಯೆಮೊಕೊ, ಪೆನ್ನು ತೆಗೆದು. "ಇವನು ನಿನ್ನ ಮಗ ಅಮಸ್ತಾನ್ ಅಗ್ ಎಲ್ವಾಫಿ ಹೌದಾ ಅಂತ ಕೇಳು."

ಎಖ್ಯಾನ ನಾಲಿಗೆ, ಯಾವ ಮಾತಿಗೂ ತಡವರಿಸದ ನಾಲಿಗೆ, ತಡವರಿಸಿತು. "ಅಮ್ಮ, ಅವರು ಕೇಳ್ತಿದ್ದಾರೆ. ಇವನು ನಿಮ್ಮ..." ಅಷ್ಟಕ್ಕೇ ನಿಲ್ಲಿಸಿದ.

ಫೋಟೋದವನು ಕಾಲು ಬದಲಿಸಿದ. ಅಲ್ಲ ಎನ್ನಲಿ, ಎಂದುಕೊಂಡ ಘುಮುರ್, ಅಲ್ಲ ಎಂದು ಉಗಿಯಲಿ, ಈ ಎಲ್ಲರ ಮುಂದೆ. ಮರುಕ್ಷಣವೇ, ಅಲ್ಲ ಎಂದರೆ ಎಲ್ಲಿಗೆ ಹೋಗಲಿ, ಏನು ತಿನ್ನಲಿ ಎಂದುಕೊಂಡ. ಇಂಥ ಹೊತ್ತಿನಲ್ಲೂ ಹೊಟ್ಟೆ ತನ್ನ ಪಾಡಿಗೆ ತಾನು ಯೋಚಿಸುತ್ತಿತ್ತು.

"ಹೌದು ಅಂತ ಹೇಳು," ಎಂದಳು ಅಸ್ಸಲಾಮಾ. "ಅಮಸ್ತಾನ್. ನನ್ನ ಮಗ."

ಹೆಸರನ್ನು ಅವಳೇ ಹೇಳಿದಳು. ಎಖ್ಯಾ ಮುಖ ತಿರುಗಿಸಿಕೊಂಡ. ಫೋಟೋದವನು ಕ್ಲಿಕ್ ಎನ್ನಿಸಿದ.

ತ್ಯೆಮೊಕೊ ಬರೆದುಕೊಂಡ, ಅವಳ ಹೆಬ್ಬೆಟ್ಟು ಒತ್ತಿಸಿದ, ಎರಡೂ ಕೈಯಿಂದ ಅವಳ ಕೈ ಹಿಡಿದು ಕುಲುಕಿದ. ಅವನ ಕಣ್ಣಲ್ಲಿ ನೀರೂರಿತ್ತು. ಯಾವುದೋ ಹಳ್ಳಿಯಲ್ಲಿ ತನ್ನ ತಾಯಿಯೂ ಹೀಗೆಯೇ ಎಂದೇನೋ ಹೇಳಿದ, ಎಖ್ಯಾ ಅದನ್ನು ತಿರುಗಿಸಲಿಲ್ಲ. "ಇವತ್ತು ನಿನಗೆ ಕವಾಯತು ಬೇಡ ಅಮಸ್ತಾನ್. ಅಮ್ಮನ ಜೊತೆ ಕೂತು ಚಹಾ ಕುಡಿ. ಎಖ್ಯಾ, ನನ್ನ ಸಕ್ಕರೆ ತಗೊಂಡು ಹೋಗು." ಅಸ್ಸಲಾಮಾ ಗಿಣ್ಣಿನ ಚೀಲವನ್ನು ಎತ್ತಿ ಸಾರ್ಜೆಂಟನ ಕೈಗೆ ಕೊಟ್ಟಳು.

"ನನಗಾ?" ಎಂದ ತ್ಯೆಮೊಕೊ ಎಖ್ಯಾನ ಕಡೆ ತಿರುಗಿ. "ಮಗನಿಗಲ್ಲವಾ?"

"ದಿನಾ ಹೆಸರು ಕೂಗೋನು ಇವನೇ ತಾನೆ? ಇವನಿಗೇ ಇರಲಿ," ಎಂದಳು ಅವಳು.

ಅಡಿಗೆ ಚಪ್ಪರದ ಕೆಳಗೆ ಎಖ್ಯಾ ಚಾಪೆ ಹಾಸಿದ, ಕೆಂಡ ಒಟ್ಟುಮಾಡಿದ. ಘುಮುರ್ ಮುಸುಕನ್ನು ಮತ್ತೆ ಮೂಗಿನ ಮೇಲಕ್ಕೆ ಎಳೆದುಕೊಂಡು, ಅವಳಿಗೆ ಎದುರಾಗದಂತೆ ಓರೆಯಾಗಿ ಕೂತ. ಅಂಗಳದಲ್ಲಿ ಸಾಲು ಎಡಬಲ ಹೆಜ್ಜೆ ಹಾಕುತ್ತಿತ್ತು. ಅವನಿಗೆ ಅವಳ ಕಾಲು ಕಂಡಿತು. ಚಪ್ಪಲಿಯ ಬಾರು ಹರಿದು ಅಲ್ಲಿ ಬಟ್ಟೆಯ ಚೂರು ಕಟ್ಟಿದ್ದಳು. ದಾರಿಯಲ್ಲಿ ಕತ್ತೆಯ ಮೇಲೆ ಕೂತದ್ದಕ್ಕಿಂತ ನಡೆದದ್ದೇ ಹೆಚ್ಚಿರಬೇಕು. ಕ್ಷಮಿಸು ಎನ್ನಬೇಕೆನ್ನಿಸಿತು. ಆ ಮಾತು ಗಂಟಲಿಗೆ ಬಂದಾಗ ಅದೂ ಒಂದು ಬೇಡಿಕೆಯೇ ಎಂದು ಹೊಳೆದು, ಇವಳಿಂದ ಇನ್ನೂ ಎಷ್ಟು ಕಿತ್ತುಕೊಳ್ಳಲಿ ಎಂದು ನುಂಗಿಕೊಂಡ.

ಎಖ್ಯಾ ಮೊದಲ ಲೋಟ ಸುರಿದು ಇಬ್ಬರ ಮುಂದೆ ಇಟ್ಟ.

"ಒಂಬತ್ತು ದಿನ ನಡೆದೆ," ಎಂದಳು ಅಸ್ಸಲಾಮಾ, ಲೋಟವನ್ನು ಮುಟ್ಟದೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹವಾಮಾನದ ಮಾತಾಡುವವಳ ಹಾಗಿತ್ತು. "ಒಂಬತ್ತು ದಿನವೂ ಅವನು ಬದುಕಿದ್ದ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೆಸರು ಹಿಡಿದು ಹೇಳಿದೆ, ನನ್ನ ಮಗ ಇಂಥವನು, ಇಂಥ ಶಿಬಿರದಲ್ಲಿದ್ದಾನೆ ಅಂತ. ನಾಲಿಗೆಗೆ ಎಷ್ಟು ಸುಲಭವಾಗಿ ಬರುತ್ತೆ ಗೊತ್ತಾ ಆ ಹೆಸರು? ಮೂರು ಬೇಸಿಗೆ ಬೀಗ ಹಾಕಿಟ್ಟಿದ್ದೆ."

"ಅಮ್ಮ..." ಎಂದ ಘುಮುರ್.

"ಕುಡಿ. ಆರಿಹೋಗುತ್ತೆ."

ಅವನು ಪಕ್ಕಕ್ಕೆ ತಿರುಗಿ, ಮುಸುಕಿನ ಕೆಳಗೆ ಲೋಟ ತಳ್ಳಿ ಕುಡಿದ. ಕಹಿ. ಎಖ್ಯಾ ಮತ್ತೆ ನೀರು ಹಾಕಿದ, ಸಕ್ಕರೆ ಒಡೆದು ಹಾಕಿದ. ಎರಡನೆಯ ಲೋಟ ನೊರೆಯ ಜೊತೆ ಬಂತು.

"ಅವನು ಹೋದ ಮುಂದಿನ ಚಳಿಗಾಲ ಒಬ್ಬ ಮುದುಕಿ ನಮ್ಮ ಬಿಡಾರಕ್ಕೆ ಬಂದಿದ್ದಳು," ಎಂದಳು ಅಸ್ಸಲಾಮಾ. "ಗುಡ್ಡದ ಕೆಳಗಿನ ಬಾವಿಯ ಕಡೆಯವಳು. ಗಂಡನನ್ನು ಕಳಕೊಂಡಿದ್ದಳು ಪಾಪ. ನಮ್ಮ ಕಡೆಯ ಹುಡುಗನೊಬ್ಬ ಬಂದಿದ್ದನಂತೆ ಬೇಸಿಗೆಯಲ್ಲಿ. ಏನು ನಡತೆ, ಏನು ಮರ್ಯಾದೆ ಅಂತ ಹೊಗಳಿದ್ದೇ ಹೊಗಳಿದ್ದು. ನೀರಿನ ಚೀಲ ತುಂಬಿಸಿ ಪಕ್ಕಕ್ಕಿಟ್ಟುಕೊಂಡಿದ್ದನಂತೆ, ಆದರೂ ಒಂದು ಚೂರೂ ಅವಸರ ಮಾಡಲಿಲ್ಲವಂತೆ. ಮೂರೂ ಲೋಟ ಕುಡಿದೇ ಎದ್ದನಂತೆ. ಎಡಗಣ್ಣಿನ ಕೆಳಗೆ ಮಚ್ಚೆ ಇತ್ತು ಅಂದಳು." ಅವಳು ಅವನ ಎಡಗಣ್ಣಿನ ಕಡೆ ನೋಡಲಿಲ್ಲ. "ಚೆನ್ನಾಗಿ ಬೆಳೆಸಿದ್ದಾರೆ ಅಂದಳು. ಬೆಳೆಸಿದವಳು ನಾನೇ ಅಂತ ಅವಳಿಗೆ ಹೇಳಲಿಲ್ಲ."

ಘುಮುರ್ ಲೋಟವನ್ನು ಚಾಪೆಯ ಮೇಲಿಟ್ಟ. ಅಂದರೆ ಇಷ್ಟು ಕಾಲವೂ ಅವಳಿಗೆ ಗೊತ್ತಿತ್ತು. ಅವನು ಒಬ್ಬನೇ ಹೊತ್ತಿದ್ದೇನೆಂದು ತಿಳಿದಿದ್ದನ್ನು ಅವಳೂ ಹೊತ್ತಿದ್ದಳು, ಯಾರ ಹತ್ತಿರವೂ ಆಡದೆ, ಅವನ ಮರ್ಯಾದೆ ಉಳಿಸಿ. ಇದಕ್ಕಿಂತ ಅವಳು ಕೆನ್ನೆಗೆ ಹೊಡೆದಿದ್ದರೆ, ಬಾಯಿಗೆ ಮಣ್ಣು ಹಾಕಿದ್ದರೆ ಎಷ್ಟೋ ವಾಸಿ. ಹೇಳಬೇಕೆಂದುಕೊಂಡದ್ದೆಲ್ಲ, ಸೈನಿಕರ ವಾಹನ, ಮುದುಕರ ಭಯ, ಬಂಡೆಯ ಬಿಸಿ, ಎಲ್ಲವೂ ಅವಳ ಹರಿದ ಚಪ್ಪಲಿಯ ಮುಂದೆ ಬರೀ ನೆಪಗಳಾಗಿ ನಿಂತವು.

"ಮತ್ತೆ ಅವರಿಗೆ ಯಾಕೆ ಹೌದು ಅಂದಿರಿ ಅಮ್ಮ?" ಎಂದು ಕೇಳಿದವನು ಎಖ್ಯಾ. ಕಮ್ಮಾರನಲ್ಲದೆ ಬೇರೆ ಯಾರೂ ಕೇಳುವಂತಿರಲಿಲ್ಲ.

"ಅಲ್ಲ ಅಂದರೆ ಆ ಕಾಗದದಲ್ಲಿ ಅವನ ಹೆಸರಿನ ಮೇಲೆ ಗೀಟು ಎಳೀತಾನೆ. ನನ್ನ ಕಣ್ಣೆದುರಿಗೇ, ನನ್ನ ಬಾಯಿಂದಲೇ ಹೇಳಿಸಿ ಎಳೀತಾನೆ. ಬೇಡಪ್ಪ. ಬೆಳಿಗ್ಗೆ ಬೆಳಿಗ್ಗೆ ಯಾರೋ ಒಬ್ಬ ನನ್ನ ಮಗನ ಹೆಸರು ಕೂಗ್ತಾನೆ ಅಂತಾದರೆ ಕೂಗಲಿ. ಯಾವನೋ ಒಬ್ಬ ಓ ಅನ್ನಲಿ."

"ಬಿಡಾರದಲ್ಲಿ ಕೇಳ್ತಾರಲ್ಲ. ಘುಮುರ್ ಏನಾದ ಅಂತ ಕೇಳಿದರೆ ಏನು ಹೇಳ್ತೀರಿ?"

ಅಸ್ಸಲಾಮಾ ಮುಖ ತಿರುಗಿಸಿದಳು. ಸತ್ತವರ ಮಾತು ಬಂದಾಗ ಹೆಂಗಸರು ಹೇಗೆ ತಿರುಗಿಸುತ್ತಾರೋ ಹಾಗೆಯೇ, ಗಲ್ಲವನ್ನು ಭುಜದ ಕಡೆಗೆ ಎಳೆದು.

"ಗುಡ್ಡಕ್ಕೆ ಹೋದವರು ಇಬ್ಬರು. ಒಬ್ಬ ಬಂದ, ಒಬ್ಬ ಬರಲಿಲ್ಲ," ಎಂದಳು. "ನನ್ನ ಮಗ ಬಂದಿದ್ದಾನೆ, ಈಗ ತಾನೇ ಹೆಬ್ಬೆಟ್ಟು ಒತ್ತಿ ಬಂದೆ. ಹೋದವನ ಹೆಸರನ್ನ ಇನ್ನು ಮೇಲೆ ನನ್ನೆದುರಿಗೆ ಹೇಳಬೇಡ ಎಖ್ಯಾ. ಯಾರೂ ಹೇಳಬಾರದು ಅಂತ ಎಲ್ಲ ಬಿಡಾರಕ್ಕೂ ನೀನೇ ಹೋಗಿ ತಿಳಿಸು. ಸಾವು ತಿಳಿಸೋದು ನಿನ್ನ ಕೆಲಸ ತಾನೇ."

ಅವಳು ಎದ್ದಳು. ಅವಳ ಮೊದಲ ಲೋಟ ಇಟ್ಟಲ್ಲೇ ತುಂಬಿಕೊಂಡು ತಣ್ಣಗಾಗಿತ್ತು. ಮೂರು ಲೋಟ ಮುಗಿಯುವ ಮೊದಲೇ ಅವಳು ಚಾಪೆಯಿಂದ ಎದ್ದುಬಿಟ್ಟಳು, ಹಾಗೆ ಏಳಬಹುದಿತ್ತು ಎಂಬುದು ಏನೂ ದೊಡ್ಡ ವಿಷಯವಲ್ಲ ಎಂಬಂತೆ. ಗೇಟಿನವರೆಗೆ ಹೋಗಿ, ಕತ್ತೆಯನ್ನು ಬಿಚ್ಚಿ, ಹತ್ತದೆ, ಅದರ ಪಕ್ಕದಲ್ಲಿ ನಡೆದು ಹೋದಳು. ತಿರುಗಿ ನೋಡಲಿಲ್ಲ. ಡಬ್ಬಿಯ ಮೇಲೆ ಇನ್ನೊಬ್ಬ ಮುಸುಕು ಇಳಿಸಿ ಕೂತಿದ್ದ, ಫೋಟೋದವನು ಅವನ ಗಲ್ಲ ಹಿಡಿದು ನೇರ ಮಾಡುತ್ತಿದ್ದ. ತ್ಯೆಮೊಕೊ ನೆರಳಿನಲ್ಲಿ ಕೂತು ಗಿಣ್ಣಿನ ಬಿಲ್ಲೆಯನ್ನು ಹಲ್ಲಿನಲ್ಲಿ ಕಡಿಯಲು ಹೆಣಗುತ್ತಿದ್ದ.

ಅವನು ಚಾಪೆಯ ಮೇಲೆಯೇ ಇದ್ದ. ಎಖ್ಯಾ ಕೆಂಡದ ಮೇಲೆ ಮೂರನೆಯದಕ್ಕೆ ನೀರಿಟ್ಟ. ಯಾವಾಗಲೂ ಏನಾದರೊಂದು ಚುಚ್ಚಿ ಮಾತಾಡುವವನು ಈಗ ಕೆಂಡವನ್ನು ನೋಡುತ್ತಾ ಕೂತಿದ್ದ. ಬಯ್ಯೋ, ಎಂದುಕೊಂಡ ಅವನು, ಒಂದು ಸಲ ಹೆಸರು ಹಿಡಿದು ಬಯ್ಯಿ, ಸಾಕು. ಪೆದ್ದ ಅನ್ನು, ಹೇಡಿ ಅನ್ನು, ಏನಾದರೂ ಅನ್ನು, ಹೆಸರೊಂದು ಸೇರಿಸಿ ಅನ್ನು. ಹತ್ತಿರದಲ್ಲಿ ಯಾರೂ ಇರಲಿಲ್ಲ. ನೀರು ಕುದಿಯಿತು. ಎಖ್ಯಾ ಕೆಟಲನ್ನು ಎತ್ತಿ, ಅವನ ಮುಖ ನೋಡದೆ, ಇನ್ನೊಂದು ಕೈ ಚಾಚಿದ.

"ಅಮಸ್ತಾನ್," ಎಂದ. "ಲೋಟ ಕೊಡು."

ಅವನು ಲೋಟ ಕೊಟ್ಟ.